ಮೋಂಸೆಗುರ್ ಗೋಡೆಗಳು ಕ್ಯಾಥರ್‌ಗಳದ್ದೇನಾ?

ಫ್ರಾನ್ಸಿನ ಮೋಂಸೆಗುರ್ ಬೆಟ್ಟದ ಮೇಲೆ ಈಗ ಕಾಣೋ ಕೋಟೆ ಕ್ಯಾಥರ್‌ಗಳು (ಕ್ಯಾಥೊಲಿಕ್ ಚರ್ಚ್ ಧರ್ಮದ್ರೋಹಿಗಳು ಅಂದಿದ್ದ ಮಧ್ಯಯುಗದ ಒಂದು ಕ್ರೈಸ್ತ ಪಂಥದವರು) ಇದ್ದಿದ್ದೇನಾ ಅಂತ ಕೇಳಿದ್ರಲ್ಲ, ಅಲ್ಲ ಸಾರ್, ಅದು ಆಮೇಲೆ ಗೆದ್ದೋರ ಕಡೆಯವರು ಕಟ್ಟಿಸಿದ್ದು. ಕ್ಯಾಥರ್‌ಗಳಿದ್ದ ಹಳೇ ಕೋಟೇಗೆ 1243ರ ಮೇ ತಿಂಗಳಲ್ಲಿ ಫ್ರಾನ್ಸ್ ರಾಜನ ಸೈನ್ಯದವರು ಮುತ್ತಿಗೆ ಹಾಕಿದ್ರು, ಬೆಟ್ಟ ಸುಮಾರು 1200 ಮೀಟರ್ ಎತ್ತರ, ಹತ್ತೋದು ಹುಡುಗಾಟ ಅಲ್ಲ, ಹಾಗಾಗಿ ತಿಂಗಳುಗಟ್ಟಲೆ ಏನೂ ಗಿಟ್ಲಿಲ್ಲ, ಕೊನೆಗೆ ಬೆಟ್ಟ ಹತ್ತಿ ಪಳಗಿದ ಕೆಲವರು ರಾತ್ರೋರಾತ್ರಿ ಕಡಿದಾದ ಬಂಡೆ ಹತ್ತಿ ಪೂರ್ವದ ತುದಿ ಹಿಡಿದ್ಮೇಲೆ ಕಲ್ಲೆಸೆಯೋ ಯಂತ್ರ ಮೇಲಕ್ಕೆ ಬಂತು. 1244ರ ಮಾರ್ಚ್‌ನಲ್ಲಿ ಕೋಟೆಯೊಳಗಿದ್ದೋರು ಶರಣಾದ್ರು. ಧರ್ಮ ಬಿಟ್ರೆ ಜೀವ ಉಳಿಯುತ್ತೆ ಅಂದ್ರೂ ಬಿಡದೆ ಇನ್ನೂರಕ್ಕೂ ಹೆಚ್ಚು ಜನ ಮಾರ್ಚ್ 16ಕ್ಕೆ ಬೆಂಕಿಗೆ ಹೋದ್ರು. ಯೂಟ್ಯೂಬಲ್ಲಿ ಹೇಳೋ 'ಕ್ಯಾಥರ್‌ಗಳು ಕಟ್ಟಿದ ಸೂರ್ಯದೇವಾಲಯ' ಕಥೆ ನಂಬಬೇಡಿ, ಗೋಡೇನೇ ಅವರದ್ದಲ್ವಲ್ಲ!