ಐವಿಎಫ್ ಇಂಜೆಕ್ಷನ್‌ಗಳ ಜೊತೆಗೆ ಹೆಚ್ಚುವರಿ ಹಾರ್ಮೋನು ಬೇಕೇ?

ಪ್ರಶ್ನೆ: ನನಗೆ 37 ವರ್ಷ, ಎಎಂಎಚ್ (ಅಂಡಾಣುಗಳ ಸಂಗ್ರಹ ಎಷ್ಟಿದೆ ಎಂದು ಸೂಚಿಸುವ ಹಾರ್ಮೋನು) ಪ್ರಮಾಣ 0.9. ಮೊದಲ ಐವಿಎಫ್‌ನಲ್ಲಿ ಎಫ್‌ಎಸ್‌ಎಚ್ ಇಂಜೆಕ್ಷನ್ (ಅಂಡಾಣುಗಳನ್ನು ಬೆಳೆಸುವ ಹಾರ್ಮೋನು) ಮಾತ್ರ ಕೊಟ್ಟಿದ್ದರು. ಮೂರೇ ಅಂಡಾಣುಗಳು ಸಿಕ್ಕವು, ಗರ್ಭ ನಿಲ್ಲಲಿಲ್ಲ. ಈ ಬಾರಿ ಎರಡು ತಿಂಗಳು, ದೇಹದಲ್ಲಿ ಪುರುಷ ಹಾರ್ಮೋನಾಗಿ ಮಾರ್ಪಡಬಲ್ಲ ಡಿಎಚ್‌ಇಎ ಮಾತ್ರೆ, ನಂತರ ಎಲ್‌ಎಚ್ ಮತ್ತು ಗ್ರೋತ್ ಹಾರ್ಮೋನು ಇಂಜೆಕ್ಷನ್‌ಗಳನ್ನೂ ಸೇರಿಸೋಣ ಎನ್ನುತ್ತಿದ್ದಾರೆ. ಖರ್ಚು ಬಹಳ. ಇವೆಲ್ಲ ನಿಜಕ್ಕೂ ಅಗತ್ಯವೇ ಡಾಕ್ಟರೇ?

ಉತ್ತರ: ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇವುಗಳಲ್ಲಿ ಎಲ್‌ಎಚ್‌ಗೆ ಮಾತ್ರ ಗಟ್ಟಿಯಾದ ಶಾರೀರಿಕ ಆಧಾರವಿದೆ. ಅಂಡಾಶಯದ ಕೋಶಿಕೆಯ (ಅಂಡಾಣು ಬೆಳೆಯುವ ಪುಟ್ಟ ಚೀಲದ) ಹೊರಪದರದ ಜೀವಕೋಶಗಳು ಎಲ್‌ಎಚ್‌ನ ಪ್ರೇರಣೆಯಿಂದ ಆಂಡ್ರೋಜೆನ್ (ಪುರುಷ ಹಾರ್ಮೋನು) ತಯಾರಿಸುತ್ತವೆ, ಒಳಪದರದ ಜೀವಕೋಶಗಳು ಎಫ್‌ಎಸ್‌ಎಚ್‌ನ ನೆರವಿನಿಂದ ಅದನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತವೆ. ಆದರೆ ಇದಕ್ಕೆ ಬೇಕಾದ ಎಲ್‌ಎಚ್ ಬಹಳ ಅಲ್ಪವಾದುದರಿಂದ, ಹೆಚ್ಚಿನ ಮಹಿಳೆಯರಿಗೆ ಅವರ ಪಿಟ್ಯುಟರಿ ಗ್ರಂಥಿ ಸ್ರವಿಸುವಷ್ಟೇ ಸಾಕಾಗುತ್ತದೆ. ಆ ಗ್ರಂಥಿಯೇ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್‌ಗಳನ್ನು ಸ್ರವಿಸದಿರುವ, ಮುಟ್ಟೇ ಆಗದ ಅಪರೂಪದ ಸ್ಥಿತಿಯಲ್ಲಿ ಎಲ್‌ಎಚ್ ಅನಿವಾರ್ಯ. ನಿಮ್ಮಂತೆ 35 ದಾಟಿದ, ಕಡಿಮೆ ಅಂಡಾಣು ಸಿಕ್ಕವರಲ್ಲಿ ಅದರ ಪ್ರಯೋಜನದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೂ ಅಪಾಯ ಕಡಿಮೆಯಾದ್ದರಿಂದ ನಾನು ಬೇಡವೆನ್ನುವುದಿಲ್ಲ. ಪ್ರತ್ಯೇಕ ಎಲ್‌ಎಚ್ ಬದಲು, ಎಫ್‌ಎಸ್‌ಎಚ್, ಎಲ್‌ಎಚ್ ಎರಡರ ಗುಣವೂ ಇರುವ ಎಚ್‌ಎಂಜಿ ಇಂಜೆಕ್ಷನ್ ಆಗುತ್ತದೆಯೇ ಎಂದು ಕೇಳಿ. ಸಾಮಾನ್ಯವಾಗಿ ಅದರ ಬೆಲೆ ಕಡಿಮೆ.

ಗ್ರೋತ್ ಹಾರ್ಮೋನಿನ ವಿಷಯ ಬೇರೆ. ಕೆಲವು ಅಧ್ಯಯನಗಳಲ್ಲಿ ಅಂಡಾಣುಗಳ ಸಂಖ್ಯೆ ಸ್ವಲ್ಪ ಹೆಚ್ಚಿರುವುದು ಕಂಡರೂ, ಮಗುವನ್ನು ಪಡೆಯುವ ಸಾಧ್ಯತೆ ಹೆಚ್ಚುತ್ತದೆಂದು ನಂಬಲರ್ಹವಾಗಿ ಸಾಬೀತಾಗಿಲ್ಲ. ಯುರೋಪಿನ ತಜ್ಞರ ಸಂಘಟನೆಯಾದ ಇಎಸ್‌ಎಚ್‌ಆರ್‌ಇ 2019ರ ಮಾರ್ಗಸೂಚಿಯಲ್ಲಿ, ಅಂಡಾಶಯ ಮಂದವಾಗಿ ಸ್ಪಂದಿಸುವವರಿಗೂ ಗ್ರೋತ್ ಹಾರ್ಮೋನನ್ನಾಗಲಿ ಡಿಎಚ್‌ಇಎಯನ್ನಾಗಲಿ ಶಿಫಾರಸು ಮಾಡಿಲ್ಲ. ಡಯಾಬಿಟಿಸ್‌ನಿಂದ ಕಣ್ಣಿನ ಪರದೆಗೆ ತೀವ್ರ ಹಾನಿಯಾಗಿದ್ದರೆ ಅಥವಾ ಕ್ಯಾನ್ಸರ್ ಸಕ್ರಿಯವಾಗಿದ್ದರೆ ಗ್ರೋತ್ ಹಾರ್ಮೋನನ್ನು ಕೊಡಲೇಬಾರದು. ಹಣಕ್ಕೆ ಕಷ್ಟವಾಗುವುದಾದರೆ ಮೊದಲು ಕೈಬಿಡಬೇಕಾದುದು ಇದೇ ಎಂಬುದು ನನ್ನ ಅಭಿಪ್ರಾಯ.

ಡಿಎಚ್‌ಇಎಯನ್ನು ತಿಂಗಳುಗಳ ಮೊದಲೇ ಆರಂಭಿಸುವುದಕ್ಕೆ ಕಾರಣ, ಕೋಶಿಕೆಯೊಂದು ಬೆಳೆದು ಪಕ್ವವಾಗಲು ತಿಂಗಳುಗಳೇ ಹಿಡಿಯುವುದು. ಮೊಡವೆ, ಎಣ್ಣೆಚರ್ಮ, ಮುಖದ ಮೇಲೆ ಕೂದಲು ಇದರ ಅಡ್ಡಪರಿಣಾಮಗಳು. ಅಂತರ್ಜಾಲದಲ್ಲಿ ನೋಡಿ ತಾವಾಗಿಯೇ ತರಿಸಿಕೊಂಡು ನುಂಗುವವರೂ ಇದ್ದಾರೆ. ಅದು ಖಂಡಿತ ಬೇಡ.

ಒಂದು ಮಾತು ಸ್ಪಷ್ಟವಾಗಿರಲಿ: ಯಾವ ಹಾರ್ಮೋನೂ ಅಂಡಾಶಯದಲ್ಲಿ ಇಲ್ಲದ ಕೋಶಿಕೆಗಳನ್ನು ಸೃಷ್ಟಿಸಲಾರದು. ಆದ್ದರಿಂದ ಔಷಧ ಸೇರಿಸುವ ಮೊದಲು, ಕಳೆದ ಬಾರಿ ಸ್ಕ್ಯಾನಿಂಗ್‌ನಲ್ಲಿ ಎಷ್ಟು ಕೋಶಿಕೆಗಳು ಕಂಡಿದ್ದವು, ಅವುಗಳಲ್ಲಿ ಎಷ್ಟು ಬೆಳೆದವು ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ. ಹತ್ತು ಕಂಡು ಮೂರೇ ಸಿಕ್ಕಿದ್ದರೆ ಎಫ್‌ಎಸ್‌ಎಚ್ ಪ್ರಮಾಣ, ಅಂಡಾಣುಗಳನ್ನು ಕೊನೆಯದಾಗಿ ಪಕ್ವಗೊಳಿಸುವ ಟ್ರಿಗರ್ ಇಂಜೆಕ್ಷನ್‌ನ ಸಮಯ ಮುಂತಾದವನ್ನು ಮರುಪರಿಶೀಲಿಸಲು ಅವಕಾಶವಿದೆ. ನಾಲ್ಕು ಕಂಡು ಮೂರು ಸಿಕ್ಕಿದ್ದರೆ ಚಿಕಿತ್ಸೆ ತನ್ನ ಕೆಲಸವನ್ನು ಮಾಡಿದೆ ಎಂದೇ ಅರ್ಥ. ಅಂಥ ಸಂದರ್ಭದಲ್ಲಿ ಹೊಸ ಇಂಜೆಕ್ಷನ್‌ಗಳಿಗೆ ಸುರಿಯುವ ಹಣವನ್ನು ಇನ್ನೊಂದು ಸುತ್ತಿನ ಚಿಕಿತ್ಸೆಗೆ ಉಳಿಸಿಕೊಳ್ಳುವುದು ಮೇಲು.

ಅಂಡಾಣು ತೆಗೆದ ಮೇಲೆ, ಅದೇ ಸುತ್ತಿನಲ್ಲಿ ಭ್ರೂಣ ವರ್ಗಾಯಿಸುವುದಾದರೆ ಕೊಡುವ, ಗರ್ಭ ನಿಲ್ಲಲು ನೆರವಾಗುವ ಹಾರ್ಮೋನಾದ ಪ್ರೊಜೆಸ್ಟರಾನ್ ಈ ಚರ್ಚೆಗೆ ಸೇರಿದ್ದಲ್ಲ. ಅಂಡಾಶಯವನ್ನು ಪ್ರಚೋದಿಸಿದ ಬಳಿಕ ದೇಹದ ಸ್ವಂತ ಪ್ರೊಜೆಸ್ಟರಾನ್ ಬೇಗನೆ ಕುಸಿಯುವುದರಿಂದ ಅದು ಬೇಕೇ ಬೇಕು. ಖರ್ಚು ಉಳಿಸಲೆಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ.