ಕುಂಡದ ಅಂಜೂರಕ್ಕೆ ಚಪ್ಪರ ಬೇಕೆ?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮನೆ. ಹಿತ್ತಲಲ್ಲಿ ನಾಲ್ಕು ಅಂಜೂರದ ಗಿಡಗಳಿವೆ. ಕಪ್ಪು ಪ್ಲಾಸ್ಟಿಕ್ ಡ್ರಮ್ಮುಗಳನ್ನು ಅರ್ಧಕ್ಕೆ ಕೊಯ್ದು ಕುಂಡ ಮಾಡಿಕೊಂಡಿದ್ದೇವೆ. ಕೆಳಗೆ ಸಿಮೆಂಟ್ ನೆಲ, ಪಶ್ಚಿಮಕ್ಕೆ ಗಿಡ್ಡ ಕಾಂಪೌಂಡ್. ಮಾರ್ಚ್ ಶುರುವಾದಾಗಿನಿಂದ ಎಲೆಯ ಅಂಚು ಸುಟ್ಟಂತಾಗಿ ಮುದುರುತ್ತಿದೆ, ಗೋಲಿ ಗಾತ್ರದ ಕಾಯಿಗಳು ಉದುರುತ್ತಿವೆ. ದಿನಕ್ಕೆ ಎರಡು ಸಲ ನೀರು ಹಾಕಿದರೂ ಮಧ್ಯಾಹ್ನ ಎಲೆ ಜೋತು ಬೀಳುತ್ತದೆ. ನಮ್ಮ ಯಜಮಾನರು 90 ಪರ್ಸೆಂಟಿನ ಹಸಿರು ಶೇಡ್ ನೆಟ್ ತಂದು ಮೇಲೆ ಚಪ್ಪರ ಹಾಕೋಣ ಅಂತಾರೆ. ಅತ್ತೆಯವರು ಹಳೇ ಸೀರೆ ಕಟ್ಟಿದರೆ ಸಾಕು, ದುಡ್ಡು ಯಾಕೆ ದಂಡ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರಲ್ಲಿ ಒಬ್ಬರನ್ನು ಆರಿಸಲೇಬೇಕೆಂದರೆ ಅತ್ತೆಯವರ ಮಾತು ಕೇಳಿ. ಆದರೆ ಸೀರೆಯನ್ನು ಗಿಡದ ಮೇಲೆ ಕಟ್ಟಬೇಡಿ.

ಅಂಜೂರ ಬಿಸಿಲಿನ ಗಿಡ. ಬಳ್ಳಾರಿ, ಕೊಪ್ಪಳದ ಕಡೆ 40 ಡಿಗ್ರಿ ಬಿಸಿಲಲ್ಲಿ ತೋಟಗಳು ಬಯಲಿನಲ್ಲೇ ನಿಂತು ಹಣ್ಣು ಕೊಡುತ್ತವೆ. ಬೆಂಗಳೂರಲ್ಲಿ ಇದುವರೆಗೆ ದಾಖಲಾದ ಅತಿ ಹೆಚ್ಚು ಬಿಸಿಲು 39.2 ಡಿಗ್ರಿ, ಅದೂ 2016ರ ಏಪ್ರಿಲ್‌ನಲ್ಲಿ. ಹಾಗಾಗಿ ನಿಮ್ಮ ಗಿಡದ ತಲೆಗೆ ಬಿಸಿಲು ಹೆಚ್ಚಾಗಿಲ್ಲ, ಬುಡಕ್ಕೆ ಹೆಚ್ಚಾಗಿದೆ. ನೆಲದಲ್ಲಿರುವ ಗಿಡದ ಬೇರು ಒಂದೆರಡು ಅಡಿ ಕೆಳಗೆ ತಣ್ಣಗಿರುತ್ತದೆ. ಡ್ರಮ್ಮಿನ ಗಿಡದ ಎಳೆ ಬೇರುಗಳೆಲ್ಲ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ಸುತ್ತುತ್ತಿರುತ್ತವೆ, ಹೊರಗೋಡೆಗೆ ನೇರ ಬಿಸಿಲು ಹೊಡೆಯುತ್ತಿರುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಡ್ರಮ್ಮಿನ ಪಶ್ಚಿಮದ ಮೈಮೇಲೆ ಅಂಗೈ ಇಟ್ಟು ನೋಡಿ. ಹತ್ತು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕು ಅನ್ನಿಸಿದರೆ, ಒಳಗಿನ ಬೇರು ನೀರೆಳೆಯುವ ಕೆಲಸ ನಿಲ್ಲಿಸಿದೆ ಎಂದೇ ತಿಳಿಯಿರಿ. ಮಣ್ಣಲ್ಲಿ ನೀರಿದ್ದರೂ ಎಲೆಗೆ ಏರುವುದಿಲ್ಲ. ನೀವು ಮತ್ತೆ ನೀರು ಹಾಕುತ್ತೀರಿ, ಬಿಸಿ ಮಣ್ಣಲ್ಲಿ ನೀರು ನಿಂತು ಬೇರು ಕೊಳೆಯಲು ಶುರುವಾಗುತ್ತದೆ.

ಒಂದು ಸಮಾಧಾನದ ಮಾತು. ಮಧ್ಯಾಹ್ನ ಜೋತ ಎಲೆ ಸಂಜೆಗೆ ಎದ್ದರೆ ಗಾಬರಿ ಬೇಡ, ಅಗಲ ಎಲೆಯ ಗಿಡಗಳಿಗೆ ಅದು ಮಾಮೂಲು. ಮರುದಿನ ಬೆಳಗ್ಗೆ ಆರಕ್ಕೂ ಜೋತೇ ಇದ್ದರೆ ಮಾತ್ರ ಬೇರಿನ ತೊಂದರೆ. ಮಣ್ಣಿನ ಮೇಲೆ, ಡ್ರಮ್ಮಿನ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ ಎಂದೂ ನೋಡಿ. ಬೋರ್‌ವೆಲ್ ನೀರಿನ ಉಪ್ಪು ಕೂಡಿಕೊಂಡರೂ ಎಲೆಯಂಚು ಹೀಗೇ ಸುಡುತ್ತದೆ, ಅದಕ್ಕೆ ಯಾವ ನೆರಳೂ ಮದ್ದಲ್ಲ. ಒಳ್ಳೆಯ ಮಳೆ ಬಂದ ದಿನ ತಳದ ತೂತಿನಿಂದ ನೀರು ಧಾರಾಳವಾಗಿ ಹರಿದುಹೋಗಲು ಬಿಡಿ. ಕಾವೇರಿ ನೀರು ಹಾಕಿ ತೊಳೆಯಿರಿ ಎನ್ನಲು ಈಗ ಧೈರ್ಯ ಬರುವುದಿಲ್ಲ. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು 2024ರ ಮಾರ್ಚ್‌ನಲ್ಲಿ ಜಲಮಂಡಳಿ ಹೇಳಿದ್ದು ನಿಮಗೂ ನೆನಪಿರಬಹುದು. ಅಕ್ಕಿ, ತರಕಾರಿ ತೊಳೆದ ನೀರಿಗೆ ಯಾರ ಅಡ್ಡಿಯೂ ಇಲ್ಲ.

ಮೊದಲು ಡ್ರಮ್ಮಿನ ಕೆಲಸ ಮುಗಿಸಿ. ಅದರ ಹೊರಮೈಗೆ ಬಿಳಿ ಪೇಂಟ್ ಬಳಿಯಿರಿ (ಸುಣ್ಣ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಚಕ್ಕೆ ಏಳುತ್ತದೆ). ಅದರ ಮೇಲೆ ಗೋಣಿಚೀಲ ಸುತ್ತಿ ಹುರಿಯಿಂದ ಬಿಗಿಯಿರಿ. ಅತ್ತೆಯವರ ಹಳೇ ಹತ್ತಿ ಸೀರೆಗೆ ಕೆಲಸವಿರುವುದು ಇಲ್ಲೇ: ಮಡಿಸಿ ಎರಡು ಮೂರು ಸುತ್ತು ಸುತ್ತಿದರೆ ಗೋಣಿಯಷ್ಟೇ ಚೆನ್ನಾಗಿ ಬಿಸಿ ತಡೆಯುತ್ತದೆ. ಡ್ರಮ್ಮಿನ ಅಡಿಗೆ ಮೂರು ಇಟ್ಟಿಗೆ ಕೊಡಿ, ಕಾದ ಸಿಮೆಂಟ್ ನೆಲ ತಳಕ್ಕೆ ತಾಗಬಾರದು. ಮಣ್ಣಿನ ಮೇಲೆ ಎರಡಂಗುಲ ತೆಂಗಿನ ಸಿಪ್ಪೆ ಅಥವಾ ಒಣಗಿದೆಲೆ ಹಾಸಿ, ಆದರೆ ಕಾಂಡಕ್ಕೆ ಅಂಟದಂತೆ ಸ್ವಲ್ಪ ಜಾಗ ಬಿಡಿ. ದೊಡ್ಡಪತ್ರೆಯ ಕುಂಡಗಳಿದ್ದರೆ ಪಶ್ಚಿಮದ ಕಡೆ ಡ್ರಮ್ಮುಗಳಿಗೆ ಒತ್ತಿ ಸಾಲಾಗಿ ಇಡಿ. ಅರ್ಧಕ್ಕರ್ಧ ಮನೆಗಳಲ್ಲಿ ಇಷ್ಟಕ್ಕೇ ಸಮಸ್ಯೆ ಮುಗಿಯುತ್ತದೆ.

ಇದಾದ ಮೇಲೂ ನೆರಳು ಬೇಕೆನ್ನಿಸಿದರೆ ಚಪ್ಪರ ಹಾಕಬೇಡಿ, ಪರದೆ ಕಟ್ಟಿ. ಯಾಕೆ ಅಂದರೆ, ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ನೇರವಾಗಿ ಬರುತ್ತಾನೆ. ಪತ್ರಿಕೆಗಳು ಶೂನ್ಯ ನೆರಳಿನ ದಿನ ಎಂದು ಬರೆಯುವುದು ಅದನ್ನೇ. ಹನ್ನೆರಡೂಕಾಲಿಗೆ ಚಪ್ಪರದ ನೆರಳು ಸರಿಯಾಗಿ ಗಿಡದ ಮೇಲೆ ಇರುತ್ತದೆ, ನಿಜ. ಆದರೆ ಮೂರೂಕಾಲಿಗೆ ಏಳಡಿ ಎತ್ತರದ ಚಪ್ಪರದ ನೆರಳು ಹೆಚ್ಚುಕಡಿಮೆ ಏಳಡಿ ಪೂರ್ವಕ್ಕೆ ಜರುಗಿರುತ್ತದೆ, ನಾಲ್ಕೂಕಾಲಿಗೆ ಹನ್ನೊಂದು ಅಡಿ. ಡ್ರಮ್ಮು ಸುಡುವ ಹೊತ್ತಿಗೆ ನೆರಳು ನಿಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲಿರುತ್ತದೆ! ದಕ್ಷಿಣಕ್ಕೆ ಕಟ್ಟಿದರೂ ಪ್ರಯೋಜನವಿಲ್ಲ. ಮೇ ತಿಂಗಳಿಡೀ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಕೊಂಚ ಉತ್ತರಕ್ಕೇ ಇರುತ್ತಾನೆ.

ಪರದೆ ಗಿಡಗಳ ಪಶ್ಚಿಮಕ್ಕೆ, ಡ್ರಮ್ಮಿನಿಂದ ಎರಡಡಿಯೊಳಗೆ ಇರಲಿ. ಐದಡಿ ಎತ್ತರ ಸಾಕು. ಖಾಲಿ ಪೇಂಟ್ ಬಕೆಟ್ 20 ಲೀಟರಿನವು ಎರಡು ತೆಗೆದುಕೊಳ್ಳಿ. ಪರದೆಗೆ ಕಂಬವಾಗಿ ನಿಲ್ಲಿಸುವ ಬಿದಿರಿಗಿಂತ ತುಸು ದಪ್ಪನೆಯ ಪಿವಿಸಿ ಪೈಪಿನ ತುಂಡನ್ನು ಬಕೆಟ್ಟಿನ ನಡುವೆ ನೆಟ್ಟಗೆ ನಿಲ್ಲಿಸಿ ಸುತ್ತ ಕಾಂಕ್ರೀಟ್ ತುಂಬಿ. ಬಕೆಟ್ ಇರಬೇಕಾದ ಜಾಗದಲ್ಲೇ ತುಂಬಿ, ಗಟ್ಟಿಯಾದ ಮೇಲೆ ಅದು 45 ಕಿಲೋ ತೂಗುತ್ತದೆ. ಆಮೇಲೆ ಬಿದಿರನ್ನು ಪೈಪಿನೊಳಗೆ ಇಳಿಸಿದರಾಯಿತು, ಜೂನ್ ಬಂದಾಗ ಎಳೆದು ತೆಗೆದು ಅಟ್ಟಕ್ಕೆ ಹಾಕಬಹುದು. ಬಿದಿರು ಶಿವಾಜಿನಗರದ ಹತ್ತಿರದ ಬಂಬೂ ಬಜಾರಿನಲ್ಲಿ ಸಿಗುತ್ತದೆ, ಸರ್ವೆ ಗಳವಾದರೂ ನಡೆಯುತ್ತದೆ. ಎರಡು ಗಳಗಳ ನಡುವೆ ಜಿಐ ತಂತಿ ಬಿಗಿದು, ನೆಟ್ಟಿನ ಮೇಲಂಚನ್ನು ಎರಡು ಮಡಿಕೆ ಮಾಡಿ ಕರ್ಟನ್ ರಿಂಗ್ ಹಾಕಿ. ಒಂಟಿ ಮಡಿಕೆಯಾದರೆ ಹರಿದುಕೊಂಡು ಬರುತ್ತದೆ. ರಿಂಗ್ ಇದ್ದರೆ ಮೋಡದ ದಿನ ಸರಿಸಿಬಿಡಬಹುದು, ಬೆಳಗಿನ ಬಿಸಿಲಿಗಂತೂ ಯಾವ ದಿನವೂ ಅಡ್ಡ ಬರುವುದಿಲ್ಲ.

ನೆಟ್ಟು 35 ಅಥವಾ 50 ಪರ್ಸೆಂಟಿನದು ತನ್ನಿ, ಯುವಿ ನಿರೋಧಕವೇ ಎಂದು ಕೇಳಿ ತನ್ನಿ. ಬಿಳಿ ಸಿಕ್ಕರೆ ಹಸಿರಿಗಿಂತ ಒಳ್ಳೆಯದು. ನಿಮ್ಮ ಯಜಮಾನರು ಹೇಳಿದ 90 ಪರ್ಸೆಂಟಿನ ನೆಟ್ಟು ಹತ್ತರಲ್ಲಿ ಒಂಬತ್ತು ಪಾಲು ಬೆಳಕನ್ನು ತಡೆಯುತ್ತದೆ. ಅದರಡಿ ಅಂಜೂರ ಸೊರಗಿ ಉದ್ದಕ್ಕೆ ಏರುತ್ತದೆ, ಕಾಯಿ ಕಚ್ಚುವುದಿಲ್ಲ, ಕಚ್ಚಿದ್ದೂ ಸಪ್ಪೆ. ಅದು ಕಾರ್ ನಿಲ್ಲಿಸುವ ಜಾಗಕ್ಕೆ ಸರಿ.

ಗಾಳಿಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಸಂಜೆ ನಾಲ್ಕೈದರ ಹೊತ್ತಿಗೆ ಗುಡುಗು ಸಮೇತ ಬರುವ ಗಾಳಿಗೆ, ನಾಲ್ಕೂ ಮೂಲೆ ಬಿಗಿದ ನೆಟ್ಟು ದೋಣಿಯ ಹಾಯಿಯಂತೆ ಉಬ್ಬಿ ಗಳವನ್ನೇ ಕಿತ್ತುಕೊಂಡು ಹೋಗುತ್ತದೆ. ಮೇಲಂಚು ತಂತಿಯಲ್ಲಿರಲಿ, ಕೆಳಗಿನ ಎರಡು ಮೂಲೆಗಳನ್ನು ಮಾತ್ರ ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಎಳೆದಾಗ ಹಿಗ್ಗುತ್ತದೆ, ಜೋರು ಬಂದಾಗ ಹರಿಯುತ್ತದೆ. ಹರಿಯುವುದು ಟ್ಯೂಬಾಗಿರಬೇಕು, ನೆಟ್ಟಾಗಬಾರದು.

ಹಣ ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಬರುವ ಜನವರಿಯಲ್ಲಿ ಅದೇ ಗಳಗಳಿಗೆ ಬಸಳೆ ಹಬ್ಬಿಸಿ. ಏಪ್ರಿಲ್ ಹೊತ್ತಿಗೆ ಪರದೆಯೂ ಆಯಿತು, ಹುಳಿಗೆ ಸೊಪ್ಪೂ ಆಯಿತು. ಈ ವರ್ಷಕ್ಕೆ ತಡವಾಗಿದೆ.

ಪ್ರಶ್ನೆ: ಯಲಹಂಕದ ತಾರಸಿಯಲ್ಲಿ ಎರಡು ಕುಂಡಗಳಲ್ಲಿ ಅಂಜೂರ ಇದೆ. ಹೋದ ಬೇಸಿಗೆಯಲ್ಲಿ ಕಟ್ಟಿದ ಶೇಡ್ ನೆಟ್ ಹಾಗೇ ಇದೆ, ಅಳಿಲು, ಹಕ್ಕಿ ಬರದಂತೆಯೂ ಆಯಿತು ಅಂತ ಬಿಟ್ಟೆವು. ಮಳೆಗಾಲದಲ್ಲಿ ಎಲೆಗಳೆಲ್ಲ ಹಳದಿಯಾಗಿ ಉದುರಿಹೋದವು. ಸಂಬಂಧವಿದೆಯೇ?

ಉತ್ತರ: ಇರುವ ಸಾಧ್ಯತೆಯೇ ಹೆಚ್ಚು. ಉದುರಿದ ಎಲೆಯ ಹಿಂಬದಿಯಲ್ಲಿ ಕಂದು ಪುಡಿ ಕೈಗೆ ಅಂಟಿತ್ತೇ? ಅದು ತುಕ್ಕು ರೋಗ. ಅಂಜೂರಕ್ಕೆ ಮಳೆಗಾಲದಲ್ಲಿ ಬರುವ ದೊಡ್ಡ ಕಾಟ ಅದೇ. ಎಲೆ ಒದ್ದೆಯಾಗಿದ್ದಷ್ಟು ಹೊತ್ತು ಅದು ಹಬ್ಬುತ್ತದೆ. ಮೇಲೆ ನೆಟ್ಟಿದ್ದರೆ ಎಲೆ ಒಣಗುವುದು ತಡ, ಗಾಳಿಯಾಡುವುದೂ ಕಡಿಮೆ. ಜೂನ್ ಮೊದಲ ವಾರ ಮಳೆ ಹಿಡಿದ ಕೂಡಲೇ ನೆಟ್ಟು ತೆಗೆದುಬಿಡಿ. ಬಿದ್ದ ಎಲೆಗಳನ್ನು ಕುಂಡದಲ್ಲೇ ಗೊಬ್ಬರವಾಗಲಿ ಎಂದು ಬಿಡದೆ ಆರಿಸಿ ತೆಗೆಯಿರಿ.

ಹಕ್ಕಿ, ಅಳಿಲಿಗೆ ಇಡೀ ಗಿಡ ಮುಚ್ಚುವ ಅಗತ್ಯವಿಲ್ಲ. ಸಣ್ಣ ಎಳೆಯ ನೈಲಾನ್ ಬಲೆಯಂತೂ ಬೇಡವೇ ಬೇಡ, ಪಿಕಳಾರಗಳು ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತವೆ. ಕಾಯಿ ಬಣ್ಣ ತಿರುಗುವ ಮೊದಲೇ ಒಂದೊಂದಕ್ಕೂ ತೆಳು ಬಟ್ಟೆಯ ಚೀಲ ಕಟ್ಟಿ. ಮದುವೆಮನೆಯಲ್ಲಿ ತಾಂಬೂಲ ಹಾಕಿ ಕೊಡುವ ಜಾಳು ಬಟ್ಟೆಯ ಸಣ್ಣ ಚೀಲಗಳು ಇದಕ್ಕೆ ಹೇಳಿ ಮಾಡಿಸಿದ ಅಳತೆ. ಕಿತ್ತ ಮೇಲೆ ಅಂಜೂರ ಮಾವಿನಂತೆ ಮಾಗುವುದಿಲ್ಲ. ಹಾಗಾಗಿ ತೊಟ್ಟು ಬಳುಕಿ ಹಣ್ಣು ತಲೆ ಬಾಗಿಸುವವರೆಗೂ ಚೀಲ ಬಿಚ್ಚಬೇಡಿ.