ಮೊರಾಕೊದ ಫೆಸ್‌ನಲ್ಲಿ ಉಳಿಯಲು ಹಳೇ ಊರು ಒಳ್ಳೆಯದಾ, ಹೊಸ ಊರಾ?

ನೀವು ಕೇಳಿದ್ದು ಇಷ್ಟು: ಅಪ್ಪ ಅಮ್ಮನ ಜೊತೆ ಮೂರು ರಾತ್ರಿ ಫೆಸ್‌ನಲ್ಲಿರುತ್ತೀರಿ. ಅಮ್ಮನಿಗೆ ಮಂಡಿ ನೋವು. ಮೂವರೂ ಸಸ್ಯಾಹಾರಿಗಳು. ಹಳೇ ಊರಿನೊಳಗೆ ರಿಯಾದ್, ಅಂದರೆ ಹೋಟೆಲು ಮಾಡಿದ ಅಂಗಳದ ಹಳೇ ಮನೆ, ಹಿಡಿಯುವುದಾ, ಹೊಸ ಊರಿನಲ್ಲಿ ಲಿಫ್ಟ್ ಇರುವ ಹೋಟೆಲಾ?

ಹಳೇ ಊರಿನಲ್ಲೇ ಉಳಿಯಿರಿ. ಆದರೆ ನಟ್ಟನಡುವೆ ಬೇಡ, ಅಂಚಿನಲ್ಲಿ ಹಿಡಿಯಿರಿ. ಟ್ಯಾಕ್ಸಿ ನಿಲ್ಲುವ ಜಾಗದಿಂದ ಐದು ನಿಮಿಷ ನಡೆದರೆ ಬಾಗಿಲು ಸಿಗಬೇಕು. ರೂಮು ನೆಲಮಹಡಿಯಲ್ಲಿರಬೇಕು. ಇವೆರಡು ಸರಿ ಇದ್ದರೆ ಮಿಕ್ಕಿದ್ದೆಲ್ಲ ಹೇಗೋ ಹೊಂದುತ್ತದೆ. ಫೋಟೊ ಎಷ್ಟು ಚೆಂದ ಅನ್ನುವುದು ಆಮೇಲಿನ ಮಾತು.

ನಾವು ಹೋದಾಗ ಈ ಎರಡನ್ನೂ ಕೇಳಿರಲಿಲ್ಲ. ಜನವರಿ ತಿಂಗಳು, ನಾನು, ನನ್ನ ಹೆಂಡತಿ, ನನ್ನ ಅಮ್ಮ. ಕಾಸಾಬ್ಲಾಂಕಾದಿಂದ ರೈಲಿನಲ್ಲಿ ಬಂದು ಇಳಿಯುವಾಗ ಕತ್ತಲಾಗಿತ್ತು, ಸಣ್ಣಗೆ ಮಳೆ. ಟ್ಯಾಕ್ಸಿಯವನು ಕೋಟೆ ಬಾಗಿಲ ಹತ್ತಿರ ಇಳಿಸಿ, ಇನ್ನು ನಡೆಯಬೇಕು ಅಂತ ಕೈ ತೋರಿಸಿದ. ಮ್ಯಾಪಿನಲ್ಲಿ 700 ಮೀಟರ್ ಅಂತಿತ್ತು. ಅರ್ಧ ಗಂಟೆ ಹಿಡಿಯಿತು. ಇಳಿಜಾರು ಓಣಿ, ಒದ್ದೆ ಕಲ್ಲು, ಅಲ್ಲಲ್ಲಿ ಮೆಟ್ಟಿಲು. ಹಿಂದಿನಿಂದ 'ಬಾಲಾಕ್, ಬಾಲಾಕ್' ಅಂತ ಕೂಗು. ದಾರಿ ಬಿಡಿ ಅಂತ ಅರ್ಥ. ತಿರುಗಿದರೆ ಎರಡೂ ಕಡೆ ಮೂಟೆ ಹೇರಿದ ಹೇಸರಗತ್ತೆ. ಅಮ್ಮ ಗೋಡೆಗೆ ಬೆನ್ನು ಒತ್ತಿ ನಿಂತರು, ಮೂಟೆ ಅವರ ಸೆರಗಿಗೆ ಉಜ್ಜಿಕೊಂಡೇ ಹೋಯಿತು.

ಕಡೆಗೂ ಮನೆ ಸಿಕ್ಕಿತು. ರೂಮು ಎರಡನೇ ಮಹಡಿಯಲ್ಲಿ. ಮೆಟ್ಟಿಲು ಒಂದೊಂದೂ ಗೇಣಿಗಿಂತ ಎತ್ತರ, ಅಂಚಿಗೆ ಮರದ ಪಟ್ಟಿ, ನಡುವೆ ಸವೆದು ನುಣುಪಾದ ಟೈಲ್ಸ್. ಹಿಡಿಯಲು ಕಟಕಟೆ ಇಲ್ಲ. ಅಮ್ಮ ಎರಡೂ ಕೈ ಊರಿ ಹತ್ತಿದರು. ಮಾರನೇ ದಿನ ಮಧ್ಯಾಹ್ನ ವಾಪಸ್ ಬಂದು ಸ್ವಲ್ಪ ಮಲಗೋಣ ಅಂದರೆ, 'ಆ ಮೆಟ್ಟಿಲು ಮತ್ತೆ ಹತ್ತಲ್ಲಪ್ಪಾ' ಅಂದುಬಿಟ್ಟರು. ಅವತ್ತೇ ಬೇರೆ ಮನೆ ಹುಡುಕಿದೆವು.

ಯಾಕೆ ಹೀಗೆ ಅಂದರೆ, ಫೆಸ್ ಎಲ್ ಬಾಲಿ ಅನ್ನುವ ಈ ಹಳೇ ಊರು ಶುರುವಾಗಿದ್ದು ಎಂಟನೇ ಶತಮಾನದ ಕೊನೆಯಲ್ಲಿ. ಕತ್ತೆ, ಹೇಸರಗತ್ತೆ, ಮನುಷ್ಯ ಓಡಾಡುವಷ್ಟೇ ಅಗಲಕ್ಕೆ ಓಣಿಗಳಿವೆ. ಇವತ್ತಿಗೂ ಈ ಓಣಿಗಳೊಳಗೆ ಕಾರು ಬರುವುದಿಲ್ಲ. 1981ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಊರು ಬೋಗುಣಿಯ ಹಾಗಿದೆ. ಮೇಲಿನ ಅಂಚಿನಲ್ಲಿ ಬಾಬ್ ಬೂ ಜ್ಲೂದ್ ಅನ್ನುವ ನೀಲಿ ಬಾಗಿಲು, ತಳದಲ್ಲಿ 859ರಲ್ಲಿ ಶುರುವಾಯಿತು ಅನ್ನುವ ಕರವಿಯ್ಯೀನ್ ಮಸೀದಿ. ಮೇಲಿಂದ ಕೆಳಕ್ಕೆ ಹೋಗುವ ದೊಡ್ಡ ಬೀದಿಯ ಹೆಸರು ತಲಾ ಕ್ಬೀರಾ. 'ದೊಡ್ಡ ಏರು' ಅಂತಲೇ ಅದರ ಅರ್ಥ. ಇಳಿಯುವಾಗ ಅಂಗಡಿ ನೋಡುತ್ತಾ ಗೊತ್ತೇ ಆಗುವುದಿಲ್ಲ. ವಾಪಸ್ ಹತ್ತುವಾಗ ಮಂಡಿ ಲೆಕ್ಕ ಕೇಳುತ್ತದೆ.

ಹಾಗಾಗಿ ಮೊದಲು ಹುಡುಕಬೇಕಾದ್ದು ಬತ್ಹಾ ಚೌಕದ ಸುತ್ತಮುತ್ತ. ಟ್ಯಾಕ್ಸಿ ಅಲ್ಲಿವರೆಗೆ ಬರುತ್ತದೆ, ನೀಲಿ ಬಾಗಿಲು ನಡೆಯುವಷ್ಟು ಹತ್ತಿರ. ಅಲ್ಲಿ ಸಿಗದಿದ್ದರೆ ಐನ್ ಅಜ್ಲಿತೆನ್ ಪಾರ್ಕಿಂಗ್ ಹತ್ತಿರ ನೋಡಿ. ತಳದಲ್ಲಿ ಅರ್ಸೀಫ್ ಚೌಕಕ್ಕೂ ಟ್ಯಾಕ್ಸಿ ಬರುತ್ತದೆ. ಇದನ್ನು ತಿಳಿದುಕೊಂಡರೆ ನಿಮ್ಮ ಅಮ್ಮ ಇಡೀ ಊರನ್ನು ಏರು ಹತ್ತದೆ ನೋಡಬಹುದು: ಬೆಳಿಗ್ಗೆ ಬತ್ಹಾದಿಂದ ಇಳಿಯುತ್ತಾ ಹೋಗಿ, ದಾರಿಯಲ್ಲಿ ಬೂ ಇನಾನಿಯಾ ಮದ್ರಸ, ಕೆಳಗೆ ಅತ್ತಾರೀನ್ ಮದ್ರಸ, ತಾಮ್ರದ ಪಾತ್ರೆ ಬಡಿಯುವ ಸೆಫ್ಫಾರೀನ್ ಚೌಕ ನೋಡಿ, ಅರ್ಸೀಫ್‌ಗೆ ಬಂದು ಟ್ಯಾಕ್ಸಿ ಹತ್ತಿ ಮನೆಗೆ ವಾಪಸ್. ಮಸೀದಿಯೊಳಗೆ ಮುಸ್ಲಿಮರಲ್ಲದವರನ್ನು ಬಿಡುವುದಿಲ್ಲ, ಮದ್ರಸಗಳಿಗೆ ಟಿಕೆಟ್ ತೆಗೆದುಕೊಂಡು ಹೋಗಬಹುದು. ಇಲ್ಲಿನ ಸಣ್ಣ ಟ್ಯಾಕ್ಸಿಗಳು ಕೆಂಪು ಬಣ್ಣದವು. ಮೂರೇ ಜನರನ್ನು ಹತ್ತಿಸುತ್ತಾರೆ. ನೀವು ಮೂವರೇ, ಸರಿಹೋಯಿತು. ಮೀಟರ್ ಹಾಕಿ ಅನ್ನಿ. ರಾತ್ರಿ ಎಂಟರ ಮೇಲೆ ಅರ್ಧದಷ್ಟು ಜಾಸ್ತಿ ಕೇಳಿದರೆ ಮೋಸ ಅಂದುಕೊಳ್ಳಬೇಡಿ, ಅದು ಅಲ್ಲಿನ ನಿಯಮ.

ಚರ್ಮ ಹದ ಮಾಡುವ ಶುವಾರಾದ ಪಕ್ಕದಲ್ಲಿ ರೂಮು ಬೇಡ. ನೋಡಲು ಹೋಗಿ, ಖಂಡಿತ ಹೋಗಿ. ಮೂಗಿಗೆ ಹಿಡಿಯಲು ಪುದೀನ ಕೊಡುತ್ತಾರೆ. ಮಲಗುವ ಜಾಗದಲ್ಲಿ ಆ ವಾಸನೆ ತಡೆಯಲಾಗುವುದಿಲ್ಲ.

ಇನ್ನು ಮನೆಯ ವಿಚಾರ. ನಮ್ಮ ಕಡೆಯ ತೊಟ್ಟಿ ಮನೆ ನೋಡಿದ್ದೀರಲ್ವಾ? ಹೆಚ್ಚುಕಡಿಮೆ ಅದೇ ಲೆಕ್ಕ. ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು. ಅಂಗಳದಲ್ಲಿ ಗಿಡಮರ ಇದ್ದರೆ ರಿಯಾದ್, ಬರೀ ಟೈಲ್ಸ್ ನೆಲ ಇದ್ದರೆ ದಾರ್. ಹೋಟೆಲಿನವರು ಎರಡಕ್ಕೂ ರಿಯಾದ್ ಅಂತಲೇ ಹೆಸರಿಡುವುದುಂಟು. ಓಣಿಯಿಂದ ನೋಡಿದರೆ ಬೋಳು ಗೋಡೆ, ಒಂದು ಬಾಗಿಲು, ಅಷ್ಟೇ. ಒಳಗೆ ಕಾಲಿಟ್ಟರೆ ಸೊಂಟದೆತ್ತರಕ್ಕೆ ಬಣ್ಣದ ಚೂರು ಜೋಡಿಸಿದ ಝೆಲ್ಲಿಜ್, ಅದರ ಮೇಲೆ ಕೊರೆದ ಗಾರೆ, ಅದಕ್ಕೂ ಮೇಲೆ ದೇವದಾರು ಮರದ ಕೆತ್ತನೆ. ಅಂಗಳದ ಪಕ್ಕದ ಕೋಣೆಗೆ ಎರಡಾಳು ಎತ್ತರದ ಬಾಗಿಲು, ಆ ಬಾಗಿಲಲ್ಲೇ ತಲೆ ಬಗ್ಗಿಸಿ ನುಗ್ಗುವ ಚಿಕ್ಕ ಬಾಗಿಲು. ಇದಕ್ಕೋಸ್ಕರವೇ ನಾನು ಹಳೇ ಊರಿನಲ್ಲಿ ಉಳಿಯಿರಿ ಅನ್ನುವುದು. ಹೊಸ ಊರಿನ ಹೋಟೆಲಿನಲ್ಲಿ ಮಲಗಿದರೆ ಈ ಮನೆಗಳ ಬೆಳಗು ನಿಮಗೆ ಸಿಗುವುದಿಲ್ಲ.

ಕಷ್ಟವೂ ಇದೆ. ಕಿಟಕಿ ಅಂಗಳದ ಕಡೆಗೆ ಮಾತ್ರ ಇರುತ್ತದೆ. ನೆಲಮಹಡಿಯ ರೂಮು ಸ್ವಲ್ಪ ಕತ್ತಲು. ಅಂಗಳದಲ್ಲಿ ಯಾರಾದರೂ ರಾತ್ರಿ ಮಾತಾಡುತ್ತಾ ಕೂತರೆ ಎಲ್ಲ ಕೇಳಿಸುತ್ತದೆ. ಬೆಳಗಿನ ಜಾವ ಒಂದು ಮಸೀದಿಯಲ್ಲಿ ಆಜಾನ್ ಶುರುವಾದರೆ ಒಂದರ ಹಿಂದೆ ಒಂದು ಎಲ್ಲ ಕಡೆಯಿಂದ ಕೇಳುತ್ತದೆ. ನನಗೆ ಅದು ಇಷ್ಟವಾಯಿತು. ನಿಮ್ಮ ಅಪ್ಪನಿಗೆ ನಿದ್ದೆ ಸೂಕ್ಷ್ಮವಾದರೆ ಹತ್ತಿ ಇಟ್ಟುಕೊಳ್ಳಿ.

ಊಟದ ಬಗ್ಗೆ ಜಾಸ್ತಿ ಚಿಂತೆ ಬೇಡ, ಆದರೆ ಮೊದಲೇ ಹೇಳಿಡಿ. ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ತಾಜೀನ್ ತರಕಾರಿಯದ್ದು ಅಂದರೂ ಕೆಲವು ಕಡೆ ಮಾಂಸದ ರಸದಲ್ಲಿ ಬೇಯಿಸುತ್ತಾರೆ. ಹರೀರಾ ಸೂಪಿನಲ್ಲೂ ಮಾಂಸ ಇರುವುದು ಮಾಮೂಲು. 'ಬ್ಲಾ ಲ್ಹಮ್' ಅಂದರೆ ಮಾಂಸವಿಲ್ಲದ್ದು. ಅದಕ್ಕೆ ರಸವೂ ಬೇಡ ಅಂತ ಸೇರಿಸಿ. ಬತ್ಹಾ ಹತ್ತಿರ ನಾವು ಎರಡನೇ ಸಲ ಹಿಡಿದ ಮನೆಯಲ್ಲಿ ಬೆಳಿಗ್ಗೆ ಅಡುಗೆಯಾಕೆ ಬಗ್ರೀರ್ ಮಾಡುತ್ತಿದ್ದರು. ರವೆಯ ಹಿಟ್ಟು ಹುಯ್ದು, ತಿರುಗಿಸದೆ ಒಂದೇ ಕಡೆ ಬೇಯಿಸುತ್ತಾರೆ. ಮೇಲೆಲ್ಲ ತೂತು ತೂತು ಏಳುತ್ತದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, 'ಇದು ನಮ್ಮ ಸೆಟ್ ದೋಸೆನೇ ಕಣೋ' ಅಂದರು. ಆಮೇಲೆ ಇಬ್ಬರೂ ಭಾಷೆ ಇಲ್ಲದೇ ಮಾತಾಡಿಕೊಂಡರು. ಹೊರಗೆ ಬಿಸ್ಸಾರಾ ಸಿಕ್ಕರೆ ಕುಡಿಯಿರಿ. ಒಣಗಿದ ಬೀನ್ಸ್ ಕಾಳಿನ ಗಟ್ಟಿ ಸೂಪು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ.

ಬುಕ್ ಮಾಡುವ ಮೊದಲು ಮನೆಯವರಿಗೆ ಒಂದು ಮೆಸೇಜ್ ಹಾಕಿ. ಟ್ಯಾಕ್ಸಿ ಯಾವ ಹೆಸರಿನ ಜಾಗದಲ್ಲಿ ನಿಲ್ಲುತ್ತದೆ, ಅಲ್ಲಿಂದ ಲಗೇಜ್ ಜೊತೆ ಎಷ್ಟು ನಿಮಿಷ, ನಡುವೆ ಮೆಟ್ಟಿಲಿದೆಯಾ, ಕರೆದುಕೊಂಡು ಹೋಗಲು ಯಾರನ್ನಾದರೂ ಕಳಿಸುತ್ತೀರಾ, ನೆಲಮಹಡಿ ರೂಮು ಖಾತ್ರಿಯಾ ಅಂತ ಕೇಳಿ. ಜನ ಕಳಿಸುವುದು ಮುಖ್ಯ. ಇಲ್ಲದಿದ್ದರೆ 'ಆ ದಾರಿ ಮುಚ್ಚಿದೆ, ನನ್ನ ಜೊತೆ ಬನ್ನಿ' ಅನ್ನುವ ಹುಡುಗರು ಸುತ್ತಿಕೊಳ್ಳುತ್ತಾರೆ. ತಳ್ಳುಗಾಡಿಯವನಿಗೆ ಲಗೇಜ್ ಕೊಡುವುದಾದರೆ ದುಡ್ಡು ಮೊದಲೇ ಮಾತಾಡಿ. ಪ್ರವಾಸಿ ತೆರಿಗೆಯನ್ನು ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಬೇರೆಯಾಗಿ ಕೇಳುತ್ತಾರೆ. ಚಿಲ್ಲರೆ ದಿರ್ಹಮ್ ಕೈಯಲ್ಲಿರಲಿ. ನೆಲಮಹಡಿ ವಿಚಾರಕ್ಕೆ 'ಬಂದಾಗ ನೋಡೋಣ' ಅಂತ ಉತ್ತರ ಬಂದರೆ ಬೇರೆ ಮನೆ ನೋಡಿ.

ಹೊಸ ಊರು ಕೆಟ್ಟದ್ದೇನಲ್ಲ. 1912ರ ನಂತರ ಫ್ರೆಂಚರು ಕಟ್ಟಿಸಿದ್ದು, ಅಗಲ ರಸ್ತೆ, ರೈಲು ನಿಲ್ದಾಣವೂ ಅಲ್ಲೇ. ಅಮ್ಮನಿಗೆ ಹತ್ತು ನಿಮಿಷ ನಡೆಯುವುದೂ ಕಷ್ಟ ಅನ್ನುವ ಹಾಗಿದ್ದರೆ ಅಲ್ಲೇ ಉಳಿಯಿರಿ, ಹಠ ಬೇಡ.

ಯಾವ ತಿಂಗಳು ಅಂತ ನೀವು ಬರೆದಿಲ್ಲ. ಬೇಸಿಗೆಯಾದರೆ ಈ ದಪ್ಪ ಗೋಡೆಯ ಮನೆಗಳು ತಂಪು. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಆದರೆ ರಾತ್ರಿ ಕೊರೆಯುವ ಚಳಿ, ನೆಲವಂತೂ ಮಂಜುಗಡ್ಡೆ. ರೂಮಿನಲ್ಲಿ ಹೀಟರ್ ಇದೆಯಾ, ರಾತ್ರಿಯಿಡೀ ಹಾಕುತ್ತಾರಾ ಅಂತ ಅದೇ ಮೆಸೇಜಿನಲ್ಲಿ ಸೇರಿಸಿ. ಅಮ್ಮನಿಗೆ ದಪ್ಪ ಕಾಲುಚೀಲ ಎರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ.